ಕಟ್ಟಡದ ಚಿತ್ರದಲ್ಲಿ ಆಳೆತ್ತರ: ಗಣಕ ನಕ್ಷೆಗೆ ಸ್ವಂತ ಛಾಯಾಚಿತ್ರದ ಆಕೃತಿಗಳನ್ನು ಸೇರಿಸುವ ಬಗೆ

ಹೊಸ ಮಳಿಗೆಯನ್ನೋ ಗೋದಾಮನ್ನೋ ಕಟ್ಟಿಸಲು ಹೊರಟ ವರ್ತಕರಿಗೆ ಇಂದು ನೀಲಿನಕ್ಷೆಯ ಜೊತೆಗೆ ಬಣ್ಣದ ಗಣಕಚಿತ್ರವನ್ನೂ ಕೊಡುವುದು ವಾಡಿಕೆಯಾಗಿದೆ. ಗೋಡೆ, ಗಾಜು, ಷಟರು, ನಾಮಫಲಕ, ಬಿಸಿಲು, ನೆರಳು ಎಲ್ಲವೂ ಕಟ್ಟಡ ಮುಗಿದೇ ಹೋಗಿದೆಯೇನೋ ಎಂಬಂತೆ ಆ ಚಿತ್ರದಲ್ಲಿ ಕಾಣುತ್ತವೆ. ಮಾಲೀಕರು ಚಿತ್ರವನ್ನು ನೋಡಿ ಒಪ್ಪಿಗೆ ನೀಡುತ್ತಾರೆ, ಮುಂಗಡ ಕೊಡುತ್ತಾರೆ. ಆದರೆ ಚಿತ್ರದಲ್ಲಿರುವ ಬಾಗಿಲು ಆರೂವರೆ ಅಡಿಯದೋ ಎಂಟು ಅಡಿಯದೋ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಕಟ್ಟಿದ ಮೇಲೆ ಕೌಂಟರು ಎತ್ತರವಾಯಿತು, ಛಾವಣಿ ತಗ್ಗಾಯಿತು, ಮೂಟೆ ಹೊತ್ತವರು ಬಾಗಿಲಲ್ಲಿ ಬಗ್ಗಬೇಕಾಯಿತು ಎಂಬ ದೂರುಗಳು ಹುಟ್ಟುವುದು ಇಲ್ಲಿಂದಲೇ. ಚಿತ್ರದೊಳಗೆ ಸರಿಯಾದ ಅಳತೆಯ ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದರೆ ಇವುಗಳಲ್ಲಿ ಹೆಚ್ಚಿನವು ಕಾಗದದ ಮೇಲೆಯೇ ಬಗೆಹರಿಯುತ್ತಿದ್ದವು.

ಮನುಷ್ಯನ ದೇಹವನ್ನೇ ಅಳತೆಗೋಲಾಗಿ ಬಳಸುವುದು ಕನ್ನಡ ನಾಡಿಗೆ ಹೊಸದಲ್ಲ. ಗೇಣು, ಮೊಳ, ಮಾರು ಎಂಬ ಅಳತೆಗಳೂ, ಆಳುದ್ದ, ಎದೆಮಟ್ಟ, ಸೊಂಟಮಟ್ಟ, ಮೊಣಕಾಲುದ್ದ ಎಂಬ ಮಾತುಗಳೂ ಇದನ್ನೇ ಹೇಳುತ್ತವೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿರುವ ಒನಕೆ ಓಬವ್ವನ ಕಿಂಡಿಯ ಛಾಯಾಚಿತ್ರವನ್ನು ಊರನ್ನು ನೋಡದವರ ಮುಂದೆ ಇಟ್ಟರೆ ಅದು ಎಷ್ಟು ಇಕ್ಕಟ್ಟಾದುದೆಂದು ಅವರಿಗೆ ಹೊಳೆಯುವುದಿಲ್ಲ. ಬಂಡೆಗಳ ನಡುವಿನ ಒಂದು ಸಂದಿಯಷ್ಟೇ ಕಾಣುತ್ತದೆ. ಅದೇ ಕಿಂಡಿಯಲ್ಲಿ ಒಬ್ಬ ಪ್ರವಾಸಿಗರು ಮೈಯನ್ನು ಕುಗ್ಗಿಸಿಕೊಂಡು ನುಸುಳುತ್ತಿರುವ ಚಿತ್ರವನ್ನು ತೋರಿಸಿದರೆ, ಹೈದರಾಲಿಯ ಸೈನಿಕರು ಏಕೆ ಒಬ್ಬೊಬ್ಬರಾಗಿಯೇ ಬರಬೇಕಾಯಿತು, ಓಬವ್ವ ಒಂದು ಒನಕೆಯಿಂದಲೇ ಅವರನ್ನು ಹೇಗೆ ತಡೆದಳು ಎಂಬುದು ಕ್ಷಣದಲ್ಲಿ ಅರ್ಥವಾಗುತ್ತದೆ. ಕಟ್ಟಡದ ಗಣಕಚಿತ್ರದಲ್ಲಿ ಮಾನವಾಕೃತಿ ಮಾಡುವ ಕೆಲಸವೂ ಇದೇ.

ಪರದೇಶಿ ಆಕೃತಿಗಳ ತೊಡಕು

ಕಟ್ಟಡ ವಿನ್ಯಾಸದ ತಂತ್ರಾಂಶಗಳ ಜೊತೆಯಲ್ಲಿ ಸಿದ್ಧ ಆಕೃತಿಗಳ ಸಂಗ್ರಹವೂ ಬರುತ್ತದೆ. ಸಣ್ಣ ಊರುಗಳ ವಿನ್ಯಾಸಕಾರರಲ್ಲಿಯೂ ಬಳಕೆಯಲ್ಲಿರುವ ಸ್ಕೆಚ್‌ಅಪ್ ತಂತ್ರಾಂಶವು 2000ದಲ್ಲಿ ಮಾರುಕಟ್ಟೆಗೆ ಬಂದಿತು. 2006ರಲ್ಲಿ ಅದನ್ನು ಗೂಗಲ್ ಸಂಸ್ಥೆಯೂ 2012ರಲ್ಲಿ ಟ್ರಿಂಬಲ್ ಸಂಸ್ಥೆಯೂ ಕೊಂಡವು. ಅದರಲ್ಲಿ ಹೊಸ ಕಡತವನ್ನು ತೆರೆದೊಡನೆ ಒಬ್ಬ ವ್ಯಕ್ತಿಯ ಆಕೃತಿ ಮೂಲೆಯಲ್ಲಿ ನಿಂತಿರುವುದು ವಾಡಿಕೆ. ಅಳತೆಯ ಅಂದಾಜು ಸಿಗಲೆಂದೇ ಅದನ್ನು ಅಲ್ಲಿ ನಿಲ್ಲಿಸಿರುತ್ತಾರೆ. ರೆವಿಟ್, ಲುಮಿಯಾನ್ ಮೊದಲಾದ ತಂತ್ರಾಂಶಗಳಲ್ಲಿಯೂ ಸಿದ್ಧ ಮಾನವಾಕೃತಿಗಳಿವೆ.

ಇವುಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳ ಜನರ ಆಕೃತಿಗಳು. ಕೋಟು ತೊಟ್ಟು ಕಾಫಿಯ ಲೋಟ ಹಿಡಿದವರು ಹೊಸದುರ್ಗದ ಕಲ್ಯಾಣ ಮಂಟಪದ ಮುಂದೆ ನಿಂತರೆ ಚಿತ್ರ ನಗೆಪಾಟಲಾಗುತ್ತದೆ. ಉಡುಪಿನ ತೊಡಕಿಗಿಂತ ದೊಡ್ಡದು ಎತ್ತರದ ತೊಡಕು. ಭಾರತದ ವಯಸ್ಕ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂ.ಮೀ., ಹೆಂಗಸರದು ಸುಮಾರು 152 ಸೆಂ.ಮೀ. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ 1940ರ ದಶಕದಲ್ಲಿ ರೂಪಿಸಿದ, ಮುಂದೆ ಚಂಡೀಗಢದ ಕಟ್ಟಡಗಳಲ್ಲಿಯೂ ಬಳಸಿದ ‘ಮಾಡ್ಯುಲರ್’ ಅಳತೆಗೆ ಆಧಾರವಾದದ್ದು 183 ಸೆಂ.ಮೀ., ಅಂದರೆ ಆರಡಿ ಎತ್ತರದ ಮನುಷ್ಯ. ಆರಡಿಯ ಆಕೃತಿಗೆ ಒಪ್ಪುವ 42 ಅಂಗುಲದ ಕೌಂಟರು ಐದಡಿಯ ಗೃಹಿಣಿಗೆ ಮೊಣಕೈಯನ್ನೂ ಮೀರಿ ಎದೆಯ ಹತ್ತಿರಕ್ಕೆ ಬರುತ್ತದೆ. ಚಿತ್ರದಲ್ಲಿ ಚೆಂದವಾಗಿ ಕಂಡದ್ದು ಅಂಗಡಿಯಲ್ಲಿ ಗಿರಾಕಿಗೆ ತೊಂದರೆ ಕೊಡುತ್ತದೆ.

ಆದ್ದರಿಂದ ತಮ್ಮ ಗಿರಾಕಿ, ತಮ್ಮ ಕೆಲಸಗಾರ, ತಮ್ಮ ಸರಕು ಇವುಗಳ ಛಾಯಾಚಿತ್ರಗಳಿಂದಲೇ ಆಕೃತಿಗಳನ್ನು ಮಾಡಿಸಿ ವಿನ್ಯಾಸಕಾರರಿಗೆ ಒದಗಿಸುವುದು ಉತ್ತಮ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಒಂದು ಒಳ್ಳೆಯ ಮೊಬೈಲ್ ಕ್ಯಾಮೆರಾ, ಒಂದು ಅಳತೆಪಟ್ಟಿ, ಉಚಿತವಾಗಿ ದೊರೆಯುವ ಒಂದು ಚಿತ್ರ ತಿದ್ದುವ ತಂತ್ರಾಂಶ ಸಾಕು.

ಚಿತ್ರದ ಆಕೃತಿ ಎಂದರೇನು?

ಗಣಕದಲ್ಲಿ ಮಾನವಾಕೃತಿಯನ್ನು ಎರಡು ಬಗೆಯಲ್ಲಿ ನಿಲ್ಲಿಸಬಹುದು. ಮೊದಲನೆಯದು ಶಿಲ್ಪದಂತೆ ಎಲ್ಲ ಕಡೆಯಿಂದಲೂ ನೋಡಬಹುದಾದ ಮೂರು ಆಯಾಮಗಳ ಆಕೃತಿ. ಇದನ್ನು ತಯಾರಿಸಲು ಪರಿಣತಿ ಬೇಕು, ಕಡತವೂ ಭಾರವಾಗುತ್ತದೆ. ಎರಡನೆಯದು ಚಪ್ಪಟೆ ಹಾಳೆಯ ಮೇಲೆ ಅಂಟಿಸಿದ ಛಾಯಾಚಿತ್ರ. ಚಿತ್ರಮಂದಿರದ ಮುಂದೆ ನಿಲ್ಲಿಸುವ ನಾಯಕನಟರ ಕಟೌಟನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನಿಂದ ನೋಡಿದರೆ ಪೂರ್ಣ ಮನುಷ್ಯ, ಪಕ್ಕದಿಂದ ನೋಡಿದರೆ ಒಂದು ಗೆರೆ ಮಾತ್ರ. ಈ ಕೊರತೆಯನ್ನು ನೀಗಿಸಲು ಆಕೃತಿಯು ಸದಾ ನೋಡುಗರ ಕಡೆಗೇ ತಾನಾಗಿ ತಿರುಗುವಂತೆ ತಂತ್ರಾಂಶದಲ್ಲಿ ಏರ್ಪಾಡು ಮಾಡಿರುತ್ತಾರೆ.

ಕಟೌಟಿನ ಸುತ್ತಲಿನ ಭಾಗ ಕಾಣದಂತಿರಬೇಕಾದರೆ ಚಿತ್ರದ ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಜೊತೆಗೆ ‘ಎಷ್ಟು ಪಾರದರ್ಶಕ’ ಎಂಬ ನಾಲ್ಕನೆಯ ಮಾಹಿತಿಯೂ ಇರಬೇಕು. ಇದನ್ನು ಆಲ್ಫಾ ಎನ್ನುತ್ತಾರೆ. ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರು 1977ರಲ್ಲಿ ಈ ವಿಧಾನವನ್ನು ರೂಪಿಸಿದರು. 1996ರಲ್ಲಿ ಬಂದ ಪಿಎನ್‌ಜಿ ಎಂಬ ಕಡತ ಬಗೆ ಈ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜೆಪೆಗ್ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಸಿದ್ಧವಾದ ಆಕೃತಿಯನ್ನು ಪಿಎನ್‌ಜಿ ರೂಪದಲ್ಲಿಯೇ ಇಟ್ಟುಕೊಳ್ಳಬೇಕು. ವಾಟ್ಸ್‌ಆ್ಯಪ್ ಮೂಲಕ ‘ಫೋಟೋ’ ಎಂದು ಕಳುಹಿಸಿದರೆ ಚಿತ್ರ ಕುಗ್ಗಿ ಜೆಪೆಗ್ ಆಗುತ್ತದೆ, ಪಾರದರ್ಶಕತೆ ಕಳೆದುಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಮೂಲ ಕಡತವೇ ತಲುಪುತ್ತದೆ.

ಮೊದಲ ಹಂತ: ಛಾಯಾಚಿತ್ರ

ಆಕೃತಿಯ ಗುಣಮಟ್ಟ ಶೇಕಡಾ ನೂರಕ್ಕೆ ನೂರು ಮೂಲ ಛಾಯಾಚಿತ್ರವನ್ನೇ ಅವಲಂಬಿಸಿದೆ ಎಂದರೂ ತಪ್ಪಾಗದು. ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಕ್ಯಾಮೆರಾವನ್ನು ಎದೆಯಿಂದ ಕಣ್ಣಿನವರೆಗಿನ ಮಟ್ಟದಲ್ಲಿ ಹಿಡಿಯಬೇಕು. ಕುಳಿತು ಅಥವಾ ಮೆಟ್ಟಿಲ ಮೇಲೆ ನಿಂತು ತೆಗೆದ ಚಿತ್ರ ಕಟ್ಟಡದ ನೋಟಕ್ಕೆ ಹೊಂದುವುದಿಲ್ಲ.

2. ಕನಿಷ್ಠ 15ರಿಂದ 20 ಅಡಿ ದೂರದಲ್ಲಿ ನಿಂತು, ಸ್ವಲ್ಪ ಜೂಮ್ ಮಾಡಿ ತೆಗೆಯಬೇಕು. ತೀರ ಹತ್ತಿರದಿಂದ ತೆಗೆದರೆ ತಲೆ ದೊಡ್ಡದಾಗಿ, ಕಾಲು ಚಿಕ್ಕದಾಗಿ ಕಾಣುತ್ತವೆ.

3. ಪಾದಗಳು ಪೂರ್ತಿಯಾಗಿ ಕಾಣಬೇಕು. ಹುಲ್ಲು, ಮರಳು, ಕಸದ ಮೇಲೆ ನಿಲ್ಲಿಸಿದರೆ ಪಾದ ಮುಚ್ಚಿಹೋಗಿ ಆಕೃತಿ ನೆಲದ ಮೇಲೆ ತೇಲಿದಂತಾಗುತ್ತದೆ.

4. ಮೋಡದ ಬೆಳಕು ಅಥವಾ ನೆರಳಿನ ಜಾಗ ಉತ್ತಮ. ಸುಡುಬಿಸಿಲಿನಲ್ಲಿ ತೆಗೆದರೆ ಮುಖದ ಮೇಲಿನ ನೆರಳು ಒಂದು ದಿಕ್ಕಿಗೂ ಕಟ್ಟಡದ ನೆರಳು ಇನ್ನೊಂದು ದಿಕ್ಕಿಗೂ ಬಿದ್ದು ಸುಳ್ಳು ಬಯಲಾಗುತ್ತದೆ.

5. ಹಿನ್ನೆಲೆಯ ಬಣ್ಣ ಉಡುಪಿಗಿಂತ ಬೇರೆಯಾಗಿರಬೇಕು. ಬಿಳಿಯ ಪಂಚೆ ಉಟ್ಟವರನ್ನು ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿದರೆ ಪಂಚೆಯ ಅಂಚನ್ನು ಗೋಡೆಯಿಂದ ಬೇರ್ಪಡಿಸಲಾಗದು. ಹಸಿರು ಅಥವಾ ನೀಲಿ ಬಟ್ಟೆಯೊಂದನ್ನು ಹಿಂದೆ ಇಳಿಬಿಟ್ಟರೆ ಕೆಲಸ ಹಗುರವಾಗುತ್ತದೆ.

6. ಪಾದರಕ್ಷೆ ಸಹಿತ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಮೂಟೆ, ಬುಟ್ಟಿ, ಬಿಂದಿಗೆ ಹೊತ್ತಿದ್ದರೆ ನೆಲದಿಂದ ಹೊರೆಯ ತುದಿಯವರೆಗಿನ ಎತ್ತರವನ್ನು ಅಳೆಯಬೇಕು. ಈ ಒಂದು ಸಂಖ್ಯೆ ಇಲ್ಲದಿದ್ದರೆ ಉಳಿದ ಶ್ರಮವೆಲ್ಲ ಬರಿಯ ಅಲಂಕಾರವಾಗುತ್ತದೆ.

ಎದುರಿನಿಂದ ತೆಗೆದ ಚಿತ್ರಗಳಿಗಿಂತ ಬೆನ್ನು ಅಥವಾ ಪಕ್ಕ ಕಾಣುವ ಚಿತ್ರಗಳು ಹೆಚ್ಚು ಉಪಯುಕ್ತ. ಅಂಗಡಿಯೊಳಗೆ ಹೋಗುತ್ತಿರುವವರು, ಕೌಂಟರಿನ ಮುಂದೆ ನಿಂತವರು, ತಕ್ಕಡಿಯ ಬಳಿ ಬಗ್ಗಿದವರು ಇಂತಹ ಭಂಗಿಗಳು ಕಟ್ಟಡದತ್ತ ನೋಡುಗರ ಕಣ್ಣನ್ನು ಸೆಳೆಯುತ್ತವೆ.

ಎರಡನೆಯ ಹಂತ: ಹಿನ್ನೆಲೆ ತೆಗೆಯುವುದು

ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರವನ್ನು ತೆರೆದು, ಲೇಯರ್ ಪಟ್ಟಿಯಲ್ಲಿ ಆಲ್ಫಾ ಚಾನೆಲ್ ಸೇರಿಸಿ, ವ್ಯಕ್ತಿಯ ಅಂಚನ್ನು ಆಯ್ದುಕೊಳ್ಳಬೇಕು. ಹಿನ್ನೆಲೆಯನ್ನು ಅಳಿಸಿಹಾಕುವುದಕ್ಕಿಂತ ಲೇಯರ್ ಮಾಸ್ಕ್ ಮೂಲಕ ಮರೆಮಾಡುವುದು ಜಾಣತನ. ತಪ್ಪಾದರೆ ಮರಳಿ ಪಡೆಯಬಹುದು. ಆಯ್ಕೆಯನ್ನು ಒಂದು ಪಿಕ್ಸೆಲ್‌ನಷ್ಟು ಒಳಕ್ಕೆ ಕುಗ್ಗಿಸಿದರೆ ಆಕೃತಿಯ ಸುತ್ತ ಹಳೆಯ ಹಿನ್ನೆಲೆಯ ಬಣ್ಣದ ಗೆರೆ ಉಳಿಯುವುದಿಲ್ಲ. ಹಿನ್ನೆಲೆಯನ್ನು ತಾವಾಗಿಯೇ ತೆಗೆಯುವ ಮೊಬೈಲ್ ತಂತ್ರಾಂಶಗಳೂ ಈಗ ಧಾರಾಳವಾಗಿವೆ. ಅವನ್ನು ಬಳಸಿದಾಗ ಬೆರಳುಗಳು, ತೋಳು ಮತ್ತು ಸೊಂಟದ ನಡುವಿನ ಸಂದಿ, ಸೆರಗಿನ ತುದಿ, ಸೈಕಲ್ಲಿನ ಕಡ್ಡಿಗಳ ನಡುವಿನ ಜಾಗ ಇವನ್ನು ಕಣ್ಣಾರೆ ಪರೀಕ್ಷಿಸಬೇಕು.

ಕೊನೆಗೆ ಚಿತ್ರದ ಮೇಲಂಚು ನೆತ್ತಿಗೂ ಕೆಳಅಂಚು ಅಂಗಾಲಿಗೂ ಸರಿಯಾಗಿ ತಾಗುವಂತೆ ಕತ್ತರಿಸಬೇಕು. ಹೀಗೆ ಮಾಡಿದರೆ ಚಿತ್ರದ ಎತ್ತರವೇ ವ್ಯಕ್ತಿಯ ಎತ್ತರವಾಗುತ್ತದೆ. ಮುಂದೆ ಅಳತೆ ಕೊಡುವುದು ಸುಲಭ. ಗಾತ್ರದ ಲೆಕ್ಕವೂ ಸರಳ: ಮುದ್ರಿತ ಚಿತ್ರದಲ್ಲಿ ಆಕೃತಿ 4 ಅಂಗುಲ ಎತ್ತರವಾಗಿ, ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚಾಗಬೇಕಾದರೆ 1200 ಪಿಕ್ಸೆಲ್ ಎತ್ತರ ಬೇಕು. ಇದಕ್ಕಿಂತ ಬಹಳ ದೊಡ್ಡದಾದ ಚಿತ್ರ ಗಣಕವನ್ನು ನಿಧಾನಗೊಳಿಸುತ್ತದೆ.

ಮೂರನೆಯ ಹಂತ: ವಿನ್ಯಾಸದೊಳಗೆ ನಿಲ್ಲಿಸುವುದು

ಸ್ಕೆಚ್‌ಅಪ್‌ನಲ್ಲಿ ಇಂಪೋರ್ಟ್ ಆಜ್ಞೆಯಿಂದ ಚಿತ್ರವನ್ನು ‘ಇಮೇಜ್’ ಆಗಿ ಒಳತಂದು, ನೇರವಾಗಿ ನಿಲ್ಲಿಸಿ, ಅಳೆದ ಎತ್ತರಕ್ಕೆ ಹೊಂದಿಸಬೇಕು. ಬಳಿಕ ‘ಎಕ್ಸ್‌ಪ್ಲೋಡ್’ ಮಾಡಿದರೆ ಅದು ಚಿತ್ರ ಅಂಟಿದ ಹಾಳೆಯಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ತಂತ್ರಾಂಶದ ಸ್ವಂತ ನೆರಳು ಚಿತ್ರದ ಪಾರದರ್ಶಕ ಭಾಗವನ್ನು ಗುರುತಿಸುವುದಿಲ್ಲ. ಮನುಷ್ಯನ ನೆರಳಿನ ಬದಲು ಆಯತಾಕಾರದ ಹಲಗೆಯ ನೆರಳು ಬೀಳುತ್ತದೆ. ಆದ್ದರಿಂದ ಆಕೃತಿಯ ಹೊರ ಅಂಚಿನುದ್ದಕ್ಕೂ ಗೆರೆ ಎಳೆದು, ಹೊರಗಿನ ಹಾಳೆಯನ್ನು ತೆಗೆದುಹಾಕಬೇಕು. ಉಳಿದ ಅಂಚಿನ ಗೆರೆಗಳನ್ನು ಅಳಿಸಬಾರದು, ಮರೆಮಾಡಬೇಕು. ಅಳಿಸಿದರೆ ಹಾಳೆಯೂ ಅಳಿದುಹೋಗುತ್ತದೆ.

ನಂತರ ಅದನ್ನು ‘ಕಾಂಪೊನೆಂಟ್’ ಆಗಿ ಮಾಡುವಾಗ ‘ಆಲ್ವೇಸ್ ಫೇಸ್ ಕ್ಯಾಮೆರಾ’ ಎಂಬ ಆಯ್ಕೆಯನ್ನು ಗುರುತಿಸಬೇಕು. ಆಕೃತಿ ತಿರುಗುವ ಕೇಂದ್ರಬಿಂದುವನ್ನು ಎರಡು ಪಾದಗಳ ನಡುವೆ ಇಡಬೇಕು. ಮೂಲೆಯಲ್ಲಿಟ್ಟರೆ ನೋಟ ಬದಲಾದಾಗ ಆಕೃತಿ ಗೋಡೆಯೊಳಗೆ ಹೊಕ್ಕುಬಿಡುವ ಸಂಭವವುಂಟು. ‘ಶ್ಯಾಡೋಸ್ ಫೇಸ್ ಸನ್’ ಎಂಬ ಇನ್ನೊಂದು ಆಯ್ಕೆ ಮರದಂತೆ ಬುಡ ಕಿರಿದಾದ ವಸ್ತುಗಳಿಗೆ ಹೊಂದುತ್ತದೆ. ಕಾಲು ಅಗಲಿಸಿ ನಡೆಯುತ್ತಿರುವ ಮನುಷ್ಯನಿಗೆ ಹೊಂದುವುದಿಲ್ಲ.

ಉಚಿತ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಚಿತ್ರವನ್ನು ನೇರವಾಗಿ ಹಾಳೆಯಾಗಿ ಒಳತರುವ ಸೌಲಭ್ಯವಿದೆ. ಎತ್ತರದ ಜಾಗದಲ್ಲಿ 1.65 ಮೀಟರ್ ಎಂದು ನಮೂದಿಸಿದರೆ ಆಕೃತಿ ಅದೇ ಅಳತೆಯಲ್ಲಿ ನಿಲ್ಲುತ್ತದೆ. ಅದರ ಸೈಕಲ್ಸ್ ಎಂಬ ಚಿತ್ರಣ ವ್ಯವಸ್ಥೆ ಆಲ್ಫಾ ಮಾಹಿತಿಯನ್ನು ಗುರುತಿಸುವುದರಿಂದ ನೆರಳೂ ಮನುಷ್ಯಾಕಾರದಲ್ಲಿಯೇ ಬೀಳುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾದರಿಯನ್ನು ಸಾಗಿಸುವಾಗ ಮಾತ್ರ ಆಕೃತಿಗಳು ತಿರುಗುವ ಗುಣ ಕಳೆದುಕೊಂಡು ಇದ್ದ ದಿಕ್ಕಿನಲ್ಲಿಯೇ ಸ್ಥಿರವಾಗಬಹುದು. ಪ್ರತಿಯೊಂದು ನೋಟವನ್ನೂ ಬೇರೆಯಾಗಿ ಪರೀಕ್ಷಿಸಬೇಕು.

ಆಕೃತಿಗಳ ಅಳತೆ ಸರಿಯಿದೆಯೇ ಎಂದು ತಿಳಿಯಲು ವರ್ತಕರೇ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಸಮತಟ್ಟಾದ ನೆಲದ ಮೇಲೆ, ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ನೋಡಿದಂತೆ ಚಿತ್ರ ರಚಿಸಿದ್ದರೆ, ಹತ್ತಿರದವರಾಗಲಿ ದೂರದವರಾಗಲಿ ನಿಂತಿರುವ ವಯಸ್ಕರೆಲ್ಲರ ಕಣ್ಣುಗಳು ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯ ಮೇಲೆ ಬರಬೇಕು. ದೂರದವರ ಪಾದಗಳು ಮೇಲಕ್ಕೆ ಸರಿಯುತ್ತವೆ, ಕಣ್ಣುಗಳು ಸರಿಯುವುದಿಲ್ಲ. ಒಂದು ಅಡಿಪಟ್ಟಿಯನ್ನು ಚಿತ್ರದ ಮೇಲೆ ಅಡ್ಡಲಾಗಿ ಇಟ್ಟು ನೋಡಿದರೆ ಸಾಕು. ಯಾರದಾದರೂ ತಲೆ ಆ ಗೆರೆಗಿಂತ ಬಹಳ ಕೆಳಗೆ ಅಥವಾ ಮೇಲೆ ಇದ್ದರೆ ಅಳತೆ ತಪ್ಪಿದೆ ಎಂದೇ ಅರ್ಥ.

ಚಪ್ಪಟೆ ಆಕೃತಿಗಳಿಗೆ ಮಿತಿಗಳೂ ಇವೆ. ಮೇಲಿನಿಂದ ಹಕ್ಕಿನೋಟದಲ್ಲಿ ರಚಿಸುವ ಬಡಾವಣೆಯ ಚಿತ್ರಗಳಿಗೆ ಇವು ಒದಗುವುದಿಲ್ಲ. ಕನ್ನಡಿ ಮತ್ತು ಗಾಜಿನ ಪ್ರತಿಬಿಂಬದಲ್ಲಿ ಇವು ತೆಳುವಾಗಿ ಕಾಣಬಹುದು. ಅಂತಹ ಕಡೆ ಮೂರು ಆಯಾಮದ ಆಕೃತಿಗಳನ್ನೇ ಬಳಸಬೇಕು.

ವ್ಯಾಪಾರಕ್ಕೆ ಇದರಿಂದ ಏನು ಲಾಭ?

ಭೀಮಸಮುದ್ರ, ಹೊಳಲ್ಕೆರೆ ಭಾಗದ ಅಡಿಕೆ ವರ್ತಕರೊಬ್ಬರು ಗೋದಾಮು ಕಟ್ಟಿಸುತ್ತಿದ್ದಾರೆಂದು ಭಾವಿಸಬಹುದು. ಚಿತ್ರದಲ್ಲಿ ಬಾಗಿಲಿನ ಎತ್ತರ ಆರೂವರೆ ಅಡಿ, ಅಂದರೆ 198 ಸೆಂ.ಮೀ. 165 ಸೆಂ.ಮೀ. ಎತ್ತರದ ಸಾಮಾನ್ಯ ಆಕೃತಿಯನ್ನು ನಿಲ್ಲಿಸಿದರೆ ಬಾಗಿಲು ಧಾರಾಳವಾಗಿ ಕಾಣುತ್ತದೆ. ಅದರ ಬದಲು ತಲೆಯ ಮೇಲೆ 40 ಸೆಂ.ಮೀ. ದಪ್ಪದ ಮೂಟೆ ಹೊತ್ತ ಹಮಾಲಿಯ ಆಕೃತಿಯನ್ನು ನಿಲ್ಲಿಸಿದರೆ ಒಟ್ಟು ಎತ್ತರ 205 ಸೆಂ.ಮೀ. ಆಗುತ್ತದೆ, ಮೂಟೆ ಬಾಗಿಲ ಪಟ್ಟಿಗೆ ತಾಗುವುದು ಚಿತ್ರದಲ್ಲಿಯೇ ಕಾಣುತ್ತದೆ. ಏಳಡಿಯ, ಅಂದರೆ 213 ಸೆಂ.ಮೀ. ಬಾಗಿಲಿನಲ್ಲಿಯೂ ಉಳಿಯುವ ಅಂತರ ಕೇವಲ 8 ಸೆಂ.ಮೀ. ಎಂಟಡಿಯ ಬಾಗಿಲು ಏಕೆ ಬೇಕೆಂಬುದನ್ನು ಗುತ್ತಿಗೆದಾರರಿಗೆ ವಿವರಿಸಲು ಈ ಒಂದು ಚಿತ್ರ ಸಾಕು. ದಿನಕ್ಕೆ ನೂರು ಬಾರಿ ಬಗ್ಗಿ ಏಳುವ ಕುತ್ತಿಗೆಯೊಂದು ಇದರಿಂದ ಉಳಿಯುತ್ತದೆ ಎಂಬುದೂ ಸಣ್ಣ ಮಾತಲ್ಲ.

ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ರೋಲಿಂಗ್ ಷಟರು, ಗೇಟು, ಕಬ್ಬಿಣದ ಪೀಠೋಪಕರಣ ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಇದು ಅನ್ವಯಿಸುತ್ತದೆ. ಗೇಟಿನ ಚಿತ್ರದ ಪಕ್ಕದಲ್ಲಿ ಒಬ್ಬ ವ್ಯಕ್ತಿ, ಒಂದು ದ್ವಿಚಕ್ರ ವಾಹನ, ಒಂದು ಟ್ರ್ಯಾಕ್ಟರ್ ಇವುಗಳನ್ನು ನಿಜವಾದ ಅಳತೆಯಲ್ಲಿ ನಿಲ್ಲಿಸಿ ಗಿರಾಕಿಗೆ ತೋರಿಸಿದರೆ ‘ಇಷ್ಟು ಚಿಕ್ಕದೆಂದು ತಿಳಿದಿರಲಿಲ್ಲ’ ಎಂಬ ಮಾತಿಗೆ ಅವಕಾಶವಿರುವುದಿಲ್ಲ. ಹೊಸದುರ್ಗದ ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಸಾಲಿನಲ್ಲಿ ಕುಳಿತವರ ಆಕೃತಿಗಳನ್ನೂ, ಎರಡು ಸಾಲುಗಳ ನಡುವೆ ಬಕೆಟ್ ಹಿಡಿದು ಬಡಿಸುವವರ ಆಕೃತಿಯನ್ನೂ ಇಟ್ಟರೆ ನಡುವಿನ ದಾರಿ ಸಾಕೇ ಸಾಲದೇ ಎಂಬುದು ಅಡಿಗೆ ಭಟ್ಟರಿಗೂ ತಿಳಿಯುತ್ತದೆ.

ಆಕೃತಿಯೂ ಸುಳ್ಳು ಹೇಳಬಲ್ಲುದು

ಹತ್ತಡಿ, ಅಂದರೆ 305 ಸೆಂ.ಮೀ. ಎತ್ತರದ ಛಾವಣಿಯ ಕೆಳಗೆ 165 ಸೆಂ.ಮೀ. ಆಕೃತಿಯನ್ನು 140 ಸೆಂ.ಮೀ.ಗೆ ಕುಗ್ಗಿಸಿ ನಿಲ್ಲಿಸಿದರೆ, ನೋಡುವವರು ಅದನ್ನು ಸಾಧಾರಣ ಎತ್ತರದ ಮನುಷ್ಯನೆಂದೇ ಭಾವಿಸಿ, ಛಾವಣಿ ಸುಮಾರು 12 ಅಡಿ ಇದೆಯೆಂದು ನಂಬುತ್ತಾರೆ. ಕಟ್ಟಡದ ಒಂದು ಗೆರೆಯನ್ನೂ ಬದಲಿಸದೆ ಸುಮಾರು ಎರಡು ಅಡಿಯನ್ನು ಮಾರಿದಂತಾಯಿತು. ತಕ್ಕಡಿಯಲ್ಲಿ ಕಡಿಮೆ ತೂಗುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ, 2016ರ 12ನೆಯ ಕಲಮಿನ ಪ್ರಕಾರ ಜಾಹೀರಾತು ಅಥವಾ ಪರಿಚಯ ಪತ್ರದಲ್ಲಿನ ತಪ್ಪು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟಕ್ಕೊಳಗಾದವರಿಗೆ ಪ್ರವರ್ತಕರು ಪರಿಹಾರ ನೀಡಬೇಕಾಗುತ್ತದೆ. ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಕೂಡ ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸುತ್ತದೆ. ಚಿತ್ರದ ಕೆಳಗೆ ‘ಆಕೃತಿಯ ಎತ್ತರ 165 ಸೆಂ.ಮೀ.’ ಎಂದು ಒಂದು ಸಾಲು ಅಚ್ಚು ಮಾಡಿಸುವುದು ಮಾರುವವರಿಗೂ ಕೊಳ್ಳುವವರಿಗೂ ಕ್ಷೇಮ.

ಚಿತ್ರದ ಹಕ್ಕು ಮತ್ತು ಒಪ್ಪಿಗೆ

ಅಂತರ್ಜಾಲದಲ್ಲಿ ಕಂಡ ಚಿತ್ರವನ್ನು ಕತ್ತರಿಸಿ ಬಳಸುವುದು ಸುಲಭ, ಆದರೆ ಸಲ್ಲದು. ಕೃತಿಸ್ವಾಮ್ಯ ಕಾಯಿದೆ, 1957ರಂತೆ ಛಾಯಾಚಿತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರದು. ಹಣ ಕೊಟ್ಟು ತೆಗೆಸಿದಾಗ, ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ತೆಗೆಸಿದವರಿಗೆ ಸೇರುತ್ತದೆ. ಆದ್ದರಿಂದ ಸ್ಥಳೀಯ ಸ್ಟುಡಿಯೋದವರಿಂದ ತೆಗೆಸಿ ರಸೀದಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಚಿತ್ರದಲ್ಲಿರುವ ವ್ಯಕ್ತಿಯ ಒಪ್ಪಿಗೆ ಬೇರೆಯ ವಿಷಯ. ಅಂಗಡಿಯ ಕೆಲಸಗಾರರೇ ಆಗಿದ್ದರೂ ಅವರ ಚಿತ್ರವನ್ನು ಯಾವ ಉದ್ದೇಶಕ್ಕೆ, ಎಲ್ಲೆಲ್ಲಿ, ಎಷ್ಟು ಕಾಲ ಬಳಸಲಾಗುವುದೆಂದು ಅವರಿಗೆ ತಿಳಿಯುವ ಕನ್ನಡದಲ್ಲಿ ಬರೆದು ಸಹಿ ಪಡೆಯಬೇಕು. ಗೌರವಧನ ಕೊಡುವುದು ಉಚಿತ. ಮಕ್ಕಳ ಚಿತ್ರವಾದರೆ ತಂದೆತಾಯಿಯರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಪ್ಪಿಗೆಯನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಂಡಿದೆ. ಮುಖ ಕಾಣದ, ಬೆನ್ನ ಕಡೆಯ ಆಕೃತಿಗಳನ್ನು ಬಳಸಿದರೆ ತಕರಾರು ಇನ್ನೂ ಕಡಿಮೆ.

ವಿನ್ಯಾಸಕಾರರಿಗೆ ಚಿತ್ರ ಹೇಳುವ ಮೊದಲು ವರ್ತಕರು ತಮ್ಮ ಅಂಗಡಿಗೆ ಬರುವ ನಾಲ್ಕಾರು ಬಗೆಯ ಜನರ ಪಟ್ಟಿಯೊಂದನ್ನು ಮಾಡಿಕೊಳ್ಳುವುದು ಒಳ್ಳೆಯ ಆರಂಭ: ಪಂಚೆ ಉಟ್ಟ ರೈತರು, ಸೀರೆಯುಟ್ಟ ಗೃಹಿಣಿ, ಶಾಲಾ ಬಾಲಕಿ, ಕೋಲು ಹಿಡಿದ ವೃದ್ಧರು, ಮೂಟೆ ಹೊತ್ತ ಹಮಾಲಿ, ಗಾಲಿಕುರ್ಚಿಯಲ್ಲಿ ಬರುವವರು. ಒಂದು ಮಧ್ಯಾಹ್ನದಲ್ಲಿ ಇವರ ಚಿತ್ರಗಳನ್ನು ತೆಗೆಸಿ, ಎತ್ತರವನ್ನು ಗುರುತು ಹಾಕಿ ಇಟ್ಟುಕೊಂಡರೆ ಮುಂದಿನ ಹತ್ತು ಕಟ್ಟಡಗಳಿಗೆ ಅದೇ ಸಂಗ್ರಹ ಒದಗುತ್ತದೆ. ಒಪ್ಪಿಗೆಯ ಸಹಿ ಹಾಕುವ ಮುನ್ನ ಮೆಟ್ಟಿಲ ಬಳಿ ವೃದ್ಧರನ್ನೂ, ಕೌಂಟರಿನ ಮುಂದೆ ಗೃಹಿಣಿಯನ್ನೂ, ಗೋದಾಮಿನ ಬಾಗಿಲಲ್ಲಿ ಹಮಾಲಿಯನ್ನೂ ನಿಲ್ಲಿಸಿ ತೋರಿಸುವಂತೆ ಕೇಳುವುದು ಕಟ್ಟಿಸುವವರ ಹಕ್ಕು. ಅವರಲ್ಲಿ ಯಾರಿಗಾದರೂ ಅಡಚಣೆ ಕಂಡುಬಂದರೆ ಗೆರೆ ತಿದ್ದಲು ಕೆಲವು ನಿಮಿಷ ಸಾಕು. ಗೋಡೆ ಎದ್ದ ಮೇಲೆ ತಿದ್ದಲು ಗಾರೆಯವರನ್ನು ಮತ್ತೆ ಕರೆಸಬೇಕಾಗುತ್ತದೆ.